ಕೆರೆ ಉಳಿಸಿಕೊಂಡರು, ಕಾಲುವೆ ಎಲ್ಲಿ?

ಬೆಂಗಳೂರಿನ ಕೆರೆಗಳಿಗೆ ಕೇಡುಗಾಲ ಶುರುವಾದದ್ದು ಹೆಸರಘಟ್ಟದ ನೀರು ಊರಿಗೆ ಬಂದ ಮೇಲೆ. 1876–78ರ ಬರ ಮೈಸೂರು ಸೀಮೆಯನ್ನು ಹಿಂಡಿ ಹಾಕಿತ್ತು. ಆ ನೆನಪು ಮಾಸುವ ಮೊದಲೇ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಅರ್ಕಾವತಿ ಪಾತ್ರದ ಹೆಸರಘಟ್ಟ ಕೆರೆಯಿಂದ ಸುಮಾರು ಹದಿನೆಂಟು ಕಿಲೋಮೀಟರ್ ದೂರದ ಪೇಟೆಗೂ ದಂಡಿಗೂ (ಕಂಟೋನ್ಮೆಂಟಿಗೂ) ಕೊಳವೆಯಲ್ಲಿ ನೀರು ತರುವ ಕೆಲಸ ನಡೆಯಿತು. 1894ರ ಆ ಯೋಜನೆಗೆ ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರಿಟ್ಟರು. ಕೊಡ ಹೊತ್ತು ಸವೆದ ಹೆಣ್ಣುಮಕ್ಕಳ ಪಾಲಿಗೆ ಬೀದಿನಲ್ಲಿ ದೊಡ್ಡ ವರವೇ ಆಗಿತ್ತು; ಅದನ್ನು ಹಳಿಯುವುದು ಅನ್ಯಾಯ. ಆದರೆ ಪಕ್ಕದ ಕೆರೆ ತುಂಬಿತೋ ಬತ್ತಿತೋ ಎಂದು ವಿಚಾರಿಸುವ ಜರೂರು ಅಂದಿನಿಂದ ಪಟ್ಟಣಿಗರಿಗೆ ತಪ್ಪುತ್ತ ಬಂತು. 1933ಕ್ಕೆ ತಿಪ್ಪಗೊಂಡನಹಳ್ಳಿಯ ನೀರು ಬಂತು. 1974ಕ್ಕೆ ಕಾವೇರಿಯೇ ಬಂದಳು, ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರವನ್ನು ಪಂಪಿನ ಬಲದಿಂದ ಏರಿ. ಅಷ್ಟು ಹೊತ್ತಿಗೆ ಊರೊಳಗಿನ ಕೆರೆ ಸರ್ಕಾರದ ಕಣ್ಣಿಗೆ ಖಾಲಿ ಜಾಗವಾಗಿ ಕಾಣುತ್ತಿತ್ತು.

ಕೆರೆ ಇಲ್ಲದೆ ಈ ಊರೇ ಇರುತ್ತಿರಲಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ಹೊಳೆ ಹರಿಯುವುದಿಲ್ಲ. ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಮೂಡಣಕ್ಕೆ ಬಿದ್ದದ್ದು ಕೋರಮಂಗಲ–ಚಲ್ಲಘಟ್ಟ ಕಣಿವೆ, ಹೆಬ್ಬಾಳ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ಇಳಿದು ಹೋಗುವ ಈ ನೀರನ್ನು ಹೆಜ್ಜೆಹೆಜ್ಜೆಗೂ ಏರಿ ಹಾಕಿ ನಿಲ್ಲಿಸಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಡುವಿನ ದಾರಿಯೇ ರಾಜಕಾಲುವೆ.

ಇವನ್ನೆಲ್ಲ ಕೆಂಪೇಗೌಡರೇ ಕಟ್ಟಿಸಿದರೆಂಬುದು ಜನರ ನಂಬಿಕೆ. ಧರ್ಮಾಂಬುಧಿ, ಕೆಂಪಾಂಬುಧಿಗಳ ಮಟ್ಟಿಗೆ ಆ ಮಾತು ಸಲ್ಲುತ್ತದೆ. ಆದರೆ ಆಗರದ ಒಂಬತ್ತನೇ ಶತಮಾನದ ಶಾಸನ ಕೆರೆಗೆ ತೂಬು ಇಡಿಸಿದ ಸಂಗತಿಯನ್ನು ಆಗಲೇ ದಾಖಲಿಸಿದೆ. ಎಂದರೆ ಕೆಂಪೇಗೌಡರಿಗಿಂತ ಏಳು ಶತಮಾನ ಮೊದಲೇ ಇಲ್ಲಿ ಕೆರೆಯ ಬೇಸಾಯ ನೆಲೆಗೊಂಡಿತ್ತು. ಆ ಕಾಲದ ನಿರ್ವಹಣೆಯ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಊರೇ ಸೇರಿ ಹೂಳೆತ್ತಿ, ಗೋಡು ಹೊಲಕ್ಕೆ ಹೊತ್ತು, ನೀರುಗಂಟಿಯ ಕೈಗೆ ತೂಬಿನ ಅಧಿಕಾರ ಕೊಟ್ಟು ನಡೆಸಿದ ಸಾಮುದಾಯಿಕ ಬಾಳು ಅದೆಂದು ಕೆಲವರು ಕೊಂಡಾಡುತ್ತಾರೆ. ಏಶಾ ಶಾ ಅವರಂಥ ಸಂಶೋಧಕರು ಅದರ ಹಿಂದಿದ್ದ ಜಾತಿಯ ಬಲವಂತವನ್ನು, ಬಿಟ್ಟಿ ದುಡಿಮೆಯನ್ನು ಎತ್ತಿ ತೋರಿಸಿದ್ದಾರೆ. ನೀರುಗಂಟಿ ಹೆಚ್ಚಿನ ಊರುಗಳಲ್ಲಿ ದಲಿತ; ಅವನು ಹಂಚಿದ ನೀರಿನಲ್ಲಿ ಬೆಳೆದ ಗದ್ದೆ ಹೆಚ್ಚಾಗಿ ಅವನದಲ್ಲ. ಆ ವ್ಯವಸ್ಥೆ ಹಾಗೆಯೇ ಮರಳಿ ಬರಲೆಂದು ಹಾರೈಸುವ ಮುನ್ನ ಇದನ್ನು ನೆನೆಯಬೇಕು. ಆದರೂ ಅದರಲ್ಲೊಂದು ಸತ್ಯವಿತ್ತು. ಪ್ರತಿ ಕೆರೆಗೂ ಹೆಸರು ಹಿಡಿದು ಕರೆಯಬಹುದಾದ ಒಬ್ಬ ಕಾವಲುಗಾರನಿದ್ದ, ಅವನಿಗೆ ಕಾಲುವೆಯ ಉದ್ದಗಲ ಗೊತ್ತಿತ್ತು.

ನಲ್ಲಿ ಬಂದ ಮೇಲೆ ಕೆರೆಗಳು ಒಂದೊಂದಾಗಿ ಮುಚ್ಚಿದವು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಒಡಲಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಮೈದಾನ, ಶೂಲೆ ಕೆರೆಯಲ್ಲಿ ಫುಟ್‌ಬಾಲ್ ಮೈದಾನ, ಚಲ್ಲಘಟ್ಟದಲ್ಲಿ ಗಾಲ್ಫ್. ಸಂಪಂಗಿ ಕೆರೆ ಸುಮ್ಮನೆ ಬಿಟ್ಟುಕೊಟ್ಟ ಕೆರೆಯಲ್ಲ. ಅದರ ನೀರಿನಿಂದ ತರಕಾರಿ, ಹೂ ಬೆಳೆಯುತ್ತಿದ್ದ ತಿಗಳರು, ಅದರ ಮಣ್ಣಿನಿಂದ ಇಟ್ಟಿಗೆ ಸುಡುತ್ತಿದ್ದವರು, ಅದರ ಒಣನೆಲದಲ್ಲಿ ಪೋಲೊ ಆಡಬಯಸಿದ ದಂಡಿನ ದೊರೆಗಳು – ಇವರ ನಡುವಿನ ತಿಕ್ಕಾಟ ಹತ್ತೊಂಬತ್ತನೇ ಶತಮಾನದ ಕೊನೆಯ ಕಡತಗಳಲ್ಲಿದೆ. ಗೆದ್ದವರು ಯಾರೆಂಬುದಕ್ಕೆ ಇವತ್ತಿನ ಕ್ರೀಡಾಂಗಣವೇ ಸಾಕ್ಷಿ. ಕರಗದ ಹೊತ್ತಿನಲ್ಲಿ ಅಲ್ಲಿ ಉಳಿದಿರುವ ಪುಟ್ಟ ಕೊಳದ ಬಳಿ ಇಂದಿಗೂ ಪೂಜೆ ನಡೆಯುತ್ತದೆ.

ಸರ್ಕಾರ ಎಚ್ಚೆತ್ತದ್ದು 1985ರಲ್ಲಿ. ಎನ್. ಲಕ್ಷ್ಮಣ ರಾವ್ ಅಧ್ಯಕ್ಷತೆಯ ಸಮಿತಿ ಊರಿನ ಕೆರೆಗಳನ್ನು ಎಣಿಸಿ, ಜೀವಂತ ಕೆರೆಗಳು 81 ಎಂದು ಗುರುತಿಸಿತು. ಇನ್ನೊಂದು ಕೆರೆಯ ಏರಿಯನ್ನೂ ಒಡೆಯಬಾರದು, ಒಳಬರುವ ಕೊಳಚೆಯನ್ನು ಬೇರೆಡೆಗೆ ತಿರುಗಿಸಬೇಕು, ಬತ್ತಿದ ಕೆರೆಗಳಲ್ಲಿ ಮರಗಳನ್ನಾದರೂ ಬೆಳೆಸಬೇಕು ಎಂದಿತು. ಸರ್ಕಾರ ಶಿಫಾರಸುಗಳನ್ನು ಒಪ್ಪಿ ಬಹಳಷ್ಟು ಕೆರೆಗಳನ್ನು ಅರಣ್ಯ ಇಲಾಖೆಯ ವಶಕ್ಕೆ ಕೊಟ್ಟಿತು. ಇಲಾಖೆ ಬೇಲಿ ಹಾಕಿತು, ಗಿಡ ನೆಟ್ಟಿತು. ಆದರೆ ಬೇಲಿಯಾಚೆಯ ಕಾಲುವೆ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಕೆರೆಯ ನೆಲ ಕಂದಾಯ ಇಲಾಖೆಯದು, ಮೀನು ಮೀನುಗಾರಿಕೆ ಇಲಾಖೆಯದು, ಕೊಳಚೆ ಜಲಮಂಡಳಿಯದು, ಮಳೆನೀರ ಕಾಲುವೆ ಪಾಲಿಕೆಯದು. ಇಷ್ಟು ಜನ ಒಡೆಯರಿದ್ದೂ ಕೆರೆ ಅನಾಥವಾಯಿತು. ಮುಂದಿನ ಮೂವತ್ತು ವರ್ಷದ ಕಥೆಯೆಲ್ಲ ಈ ಹಂಚಿಕೆಯಿಂದಲೇ ಹುಟ್ಟಿದ್ದು ಎಂದು ನನಗನಿಸುತ್ತದೆ.

2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಹೆಸರಿಗೆ ಪ್ರಾಧಿಕಾರ, ವಾಸ್ತವದಲ್ಲಿ ಸಂಘಗಳ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆ. ಒತ್ತುವರಿದಾರನನ್ನು ಎಬ್ಬಿಸುವ ಕಾನೂನುಬಲ ಅದಕ್ಕಿರಲಿಲ್ಲ. ಹಣವೂ ಇರಲಿಲ್ಲ. ಹಣಕ್ಕೆ ಅದು ಕಂಡುಕೊಂಡ ದಾರಿ, ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವುದು. ಹೆಬ್ಬಾಳದ ಕೆರೆಯನ್ನು ಐಷಾರಾಮಿ ಹೋಟೆಲ್ ಸಮೂಹವೊಂದಕ್ಕೆ, ನಾಗವಾರದ ಕೆರೆಯನ್ನು ಮನರಂಜನಾ ಉದ್ಯಾನದವರಿಗೆ ಹದಿನೈದು ವರ್ಷದ ಲೆಕ್ಕದಲ್ಲಿ ಬಿಟ್ಟುಕೊಡುವ ಒಪ್ಪಂದಗಳಾದವು. ಆಗರ ಕೆರೆ, ಕೆ.ಆರ್. ಪುರದ ವೆಂಗಯ್ಯನ ಕೆರೆಗಳೂ ಪಟ್ಟಿಯಲ್ಲಿದ್ದವು. ಏರಿಯ ಮೇಲೆ ಓಡಾಡಲು ಶುಲ್ಕ, ದೋಣಿ ವಿಹಾರ, ತಿನಿಸಿನ ಅಂಗಡಿ. ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು, ದನಕ್ಕೆ ನೀರು ಕುಡಿಸುವವರು ಆ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ.

ಬೆಂಗಳೂರಿನ ಕೆರೆ ಚಳವಳಿಯ ಮೊದಲ ದೊಡ್ಡ ತಿರುವು ಇಲ್ಲೇ ಬಂತು. ಅದುವರೆಗೆ ಕೆರೆ ಕಾಳಜಿ ಎಂದರೆ ಪಕ್ಷಿ ನೋಡುವವರ, ಕೆಲವು ವಿಜ್ಞಾನಿಗಳ ಕಾಳಜಿಯಾಗಿತ್ತು. ಗುತ್ತಿಗೆಯ ಸುದ್ದಿ ಹರಡಿದಂತೆ ಮರ ಕಡಿತದ ವಿರುದ್ಧ ಬೀದಿಗಿಳಿದಿದ್ದ ‘ಹಸಿರು ಉಸಿರು’ ಬಳಗದ ಸ್ವಯಂಸೇವಕರು ಕೆರೆಗಳ ಕಡೆ ತಿರುಗಿದರು. 2008ರಲ್ಲಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಮತ್ತು ಅದರ ಲಿಯೋ ಸಲ್ಡಾನಾ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿದರು. ಕೆರೆ ಸರ್ಕಾರದ ಆಸ್ತಿಯೇ ಅಲ್ಲ, ಸರ್ಕಾರ ಅದರ ವಿಶ್ವಸ್ತ ಮಾತ್ರ; ತನ್ನದಲ್ಲದ್ದನ್ನು ಗುತ್ತಿಗೆ ಕೊಡುವ ಅಧಿಕಾರ ಅದಕ್ಕೆಲ್ಲಿಂದ ಬಂತು ಎಂಬುದು ವಾದದ ತಿರುಳು. ನ್ಯಾಯಾಲಯ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿಯನ್ನು ನೇಮಿಸಿತು. 2011ರ ವರದಿಯಲ್ಲಿ ಸಮಿತಿ ಕೆರೆಯ ಜೊತೆಗೆ ಕಾಲುವೆಯನ್ನೂ ಅಳತೆ ಮಾಡಬೇಕು, ಒತ್ತುವರಿ ತೆಗೆಸಬೇಕು, ಕೊಳಚೆಯನ್ನು ಮಳೆನೀರಿನಿಂದ ಬೇರ್ಪಡಿಸಬೇಕು ಎಂದು ಒತ್ತಿ ಹೇಳಿತು. 2012ರ ಏಪ್ರಿಲ್ 11ರ ತೀರ್ಪು ಈ ಶಿಫಾರಸುಗಳನ್ನು ಎತ್ತಿಹಿಡಿದು, ಜಿಲ್ಲೆಜಿಲ್ಲೆಗೂ ಕೆರೆ ರಕ್ಷಣಾ ಸಮಿತಿ ರಚಿಸಲು ಹೇಳಿತು. ಕೆರೆಗಳನ್ನು ಖಾಸಗಿಗೆ ಗುತ್ತಿಗೆ ಕೊಡುವ ಪರಿಪಾಠ ಅಲ್ಲಿಗೆ ನಿಂತಿತು.

ವಕೀಲರು ನ್ಯಾಯಾಲಯದಲ್ಲಿ ವಾದಿಸುತ್ತಿದ್ದ ಅದೇ ವರ್ಷಗಳಲ್ಲಿ ಊರಿನ ಅಂಚುಗಳಲ್ಲಿ ಬೇರೊಂದು ಕೆಲಸ ಸದ್ದಿಲ್ಲದೆ ಸಾಗಿತ್ತು. ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿಯ ಕೆರೆ 13 ಎಕರೆ 25 ಗುಂಟೆಯದು. ಸುತ್ತ ಬಹುಮಹಡಿ ವಸತಿ ಎದ್ದಮೇಲೆ ಅದಕ್ಕೆ ನೀರು ತರುವ ದಾರಿಗಳು ಕಟ್ಟಿಹೋಗಿ, ಕಸ ಸುರಿಯುವ ತಗ್ಗಾಗಿತ್ತು. ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು ಮನೆಮನೆಗೆ ಹೋಗಿ ಜನರನ್ನು ಸೇರಿಸಿದರು, ಪಾಲಿಕೆಗೆ ಅಲೆದರು, 2010ರಲ್ಲಿ ಟ್ರಸ್ಟ್ ಕಟ್ಟಿದರು. ಪಾಲಿಕೆ ಹೂಳೆತ್ತಿಸಿತು. 2011ರಲ್ಲಿ ಕೆರೆಯ ನಿರ್ವಹಣೆಯನ್ನೇ ನಾಗರಿಕರ ಸಂಘಕ್ಕೆ ಒಪ್ಪಿಸುವ ಕರಾರಿಗೆ ಪಾಲಿಕೆ ಸಹಿ ಹಾಕಿತು. ಬೆಂಗಳೂರಿನಲ್ಲಿ ಅಂಥದ್ದು ಅದೇ ಮೊದಲು.

ಕರಾರು ಸಿಕ್ಕಿತು, ನೀರು ಸಿಗಲಿಲ್ಲ. ಒಳಹರಿವೇ ಇಲ್ಲದ ಕೆರೆ ಒಂದು ಬೇಸಿಗೆ ದಾಟುವುದೂ ಕಷ್ಟ. ಕೊನೆಗೆ ಪಕ್ಕದ ದೊಡ್ಡ ವಸತಿ ಸಮುಚ್ಚಯದ ಶುದ್ಧೀಕರಿಸಿದ ನೀರನ್ನೇ ಕೆರೆಗೆ ತಿರುಗಿಸುವ ದಾರಿ ಕಂಡುಕೊಂಡರು. ಆ ನೀರಿನಲ್ಲಿ ಪೋಷಕಾಂಶ ಹೆಚ್ಚು, ಹಾಗಾಗಿ ಕಳೆಯೂ ಹೆಚ್ಚು. ವಾರಾಂತ್ಯ ಬಂತೆಂದರೆ ಅಂಟುಜೊಂಡು ಕೀಳುವುದು, ಸಸಿಗಳಿಗೆ ನೀರುಣಿಸುವುದು, ಗಣೇಶನ ಹಬ್ಬದಲ್ಲಿ ಬಣ್ಣದ ಮೂರ್ತಿಗಳು ಕೆರೆಗಿಳಿಯದಂತೆ ಕಾಯುವುದು. ಕೆರೆ ಕಾಯುವುದೆಂದರೆ ಭಾಷಣ ಬಿಟ್ಟು ಬೇಸರವಿಲ್ಲದೆ ಒಂದೇ ಕೆಲಸವನ್ನು ವರ್ಷಗಟ್ಟಲೆ ಮಾಡುವುದು ಎಂಬುದನ್ನು ಇಡೀ ಊರಿಗೆ ತೋರಿಸಿಕೊಟ್ಟವರು ಇವರು.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯ ಕಥೆ ಇನ್ನೂ ಸಂಕೀರ್ಣ, ಅಷ್ಟೇ ಸಮೃದ್ಧ. ಸುಮಾರು 48 ಎಕರೆಯ ಈ ಕೆರೆಯ ಸುತ್ತ ಎರಡು ಬಗೆಯ ಜನರಿದ್ದರು. ತಲೆತಲಾಂತರದಿಂದ ಅಲ್ಲಿದ್ದ ಹಳ್ಳಿಗರು. ಐಟಿ ಕಂಪನಿಗಳ ನೌಕರಿಗೆ ಬಂದು ಅಪಾರ್ಟ್‌ಮೆಂಟ್ ಸೇರಿದ ಹೊಸಬರು. ಕೆರೆ ಸ್ವಚ್ಛವಾಗಬೇಕು ಎಂಬುದರಲ್ಲಿ ಇಬ್ಬರದೂ ಒಂದೇ ಮಾತು, ಆದರೆ ಸ್ವಚ್ಛವಾದ ಕೆರೆ ಯಾತಕ್ಕೆ ಎಂದರೆ ಮಾತು ಬೇರೆಯಾಗುತ್ತಿತ್ತು. ಒಬ್ಬರಿಗೆ ನಡೆದಾಡುವ ದಾರಿ ಬೇಕು, ಇನ್ನೊಬ್ಬರಿಗೆ ಹಸುವಿಗೆ ಹುಲ್ಲು. ಅರ್ಥಶಾಸ್ತ್ರಜ್ಞರ ಗ್ರಂಥಗಳಲ್ಲಿ ಇಂಥ ಜಗಳ ಹೆಚ್ಚಾಗಿ ಕೆರೆಯ ಸಾವಿನಲ್ಲಿ ಮುಗಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. 2009ರ ಹೊತ್ತಿಗೆ ಪಾಲಿಕೆಯ ಕೆರೆ ವಿಭಾಗದ ಅಧಿಕಾರಿಗಳು, ನಿವಾಸಿಗಳು, ಹಳ್ಳಿಯ ಹಿರಿಯರು, ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರಂಥ ಸಂಶೋಧಕರು ಒಂದೇ ನಕ್ಷೆಯ ಮುಂದೆ ಕುಳಿತರು. ಕೊಳಚೆಯನ್ನು ಬದಿಗೆ ತಿರುಗಿಸಿ ಹೂಳೆತ್ತಿದರು. ಹುಲ್ಲು ಕೊಯ್ಯುವವರಿಗೆ, ಮೀನುಗಾರರಿಗೆ ಅವಕಾಶ ಉಳಿಸಿದರು. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ಬಳಸುವಂತೆ ಬಯಲು ರಂಗಮಂದಿರ ಕಟ್ಟಿದರು. ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಎಂಬ ಟ್ರಸ್ಟ್ ದಿನನಿತ್ಯದ ಉಸ್ತುವಾರಿ ಹೊತ್ತಿತು. 2011ಕ್ಕೆ ಕೆರೆ ತುಂಬಿತು, ಹಕ್ಕಿಗಳು ಮರಳಿದವು, ಕೆರೆ ಹಬ್ಬಗಳು ಶುರುವಾದವು.

ಸಾಮುದಾಯಿಕ ಸಂಪತ್ತನ್ನು ಜನರೇ ಕೂಡಿ ಕಾಪಾಡಬಲ್ಲರು ಎಂದು ಜಗತ್ತಿನ ಹತ್ತಾರು ಕಡೆಯ ಪುರಾವೆ ಕೂಡಿಸಿ ತೋರಿಸಿದ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ 2012ರ ಆರಂಭದಲ್ಲಿ ಈ ಕೆರೆಗೆ ಬಂದಿದ್ದರು. ಅದೇ ವರ್ಷ ಜೂನ್‌ನಲ್ಲಿ ಅವರು ತೀರಿಕೊಂಡರು. ಹರಿಣಿ ನಾಗೇಂದ್ರ ಮತ್ತು ಆಸ್ಟ್ರಮ್ ಜೊತೆಗೂಡಿ ಬೆಂಗಳೂರಿನ ಕೆರೆಗಳ ಮೇಲೆ ಬರೆದ ಅಧ್ಯಯನ, ಯಾವ ಕೆರೆ ಏಕೆ ಉಳಿಯಿತು, ಯಾವುದು ಏಕೆ ಸೋತಿತು ಎಂದು ಹೋಲಿಸಿ ನೋಡುತ್ತದೆ. ಒಬ್ಬರನ್ನೊಬ್ಬರು ನಂಬಿ ಸೇರಿದ ಜನ, ಕಿವಿಗೊಡುವ ಅಧಿಕಾರಿ, ಕೊಳಚೆ ತಡೆಯುವ ಏರ್ಪಾಡು – ಮೂರೂ ಕೂಡಿದ ಕಡೆ ಕೆರೆ ಉಳಿದಿದೆ ಎಂಬುದು ನನಗೆ ಅದರಿಂದ ತಿಳಿದದ್ದು. ಇದಕ್ಕೆ ಪ್ರತಿಯಾಗಿ, ಜೀರ್ಣೋದ್ಧಾರದ ಹೆಸರಿನಲ್ಲಿ ಹಲವು ಕೆರೆಗಳು ಮಧ್ಯಮವರ್ಗದ ವಾಯುವಿಹಾರದ ತಾಣವಾಗಿ, ದನಗಾಹಿ, ಅಗಸ, ಮೀನುಗಾರ ಹೊರಬಿದ್ದರು ಎಂಬ ವಿಮರ್ಶೆಯೂ ಗಟ್ಟಿಯಾಗಿದೆ. ಆಗರ ಕೆರೆಯ ಮೇಲಿನ ಅಧ್ಯಯನ ಈ ಮಾತನ್ನೇ ಹೇಳುತ್ತದೆ. ಬೇಲಿ, ಗೇಟು, ಕಾಲುದಾರಿ, ಸಮಯದ ಫಲಕಗಳ ಒಂದೇ ಅಚ್ಚಿನಲ್ಲಿ ತಯಾರಾದ ಎಷ್ಟೋ ಕೆರೆಗಳನ್ನು ನೋಡಿದವರು ಈ ದೂರನ್ನು ತಳ್ಳಿಹಾಕಲಾರರು.

ನಗರದ ಉತ್ತರದ ಜಕ್ಕೂರು ಬೇರೆಯದೇ ಪಾಠ ಹೇಳಿತು. ಸುಮಾರು 160 ಎಕರೆಯ ಈ ಕೆರೆಯ ತಲೆಯ ಭಾಗದಲ್ಲಿ ಜಲಮಂಡಳಿಯ, ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದ ಕೊಳಚೆ ಶುದ್ಧೀಕರಣ ಘಟಕವಿದೆ. ಅದರಿಂದ ಹೊರಬಂದ ನೀರು ನೇರ ಕೆರೆಗೆ ಬೀಳದೆ ಜೊಂಡು, ಹುಲ್ಲು ಬೆಳೆಸಿದ ಜೌಗಿನಲ್ಲಿ ತಂಗಿ, ಸೋಸಿ ಇಳಿಯುತ್ತದೆ. ಕೆರೆ ವರ್ಷವಿಡೀ ತುಂಬಿರುತ್ತದೆ, ಮೀನು ಸಿಗುತ್ತದೆ, ಸುತ್ತಲಿನ ಬಾವಿಗಳಿಗೆ ಒಸರು ಹೋಗುತ್ತದೆ. ಇಲ್ಲಿನ ‘ಜಲ ಪೋಷಣ್’ ಟ್ರಸ್ಟಿನ ಸ್ವಯಂಸೇವಕರು ಅದರ ಮೇಲೆ ಕಣ್ಣಿಟ್ಟಿದ್ದಾರೆ. ಪುಟ್ಟೇನಹಳ್ಳಿಯವರ ಶ್ರಮಕ್ಕಿಂತ ಇವರ ಶ್ರಮ ಹೆಚ್ಚಿನದೇನಲ್ಲ. ವ್ಯತ್ಯಾಸವಿರುವುದು ಕೆರೆಗೆ ಬರುವ ನೀರಿನಲ್ಲಿ: ಇಲ್ಲಿ ನೀರು ಬರುವ ದಾರಿಯನ್ನೇ ಸರಿಮಾಡಿದ್ದರು.

ಆ ದಾರಿ ಸರಿಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಬೆಳ್ಳಂದೂರು ಜಗತ್ತಿಗೇ ತೋರಿಸಿತು.

ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೆರೆಗಳ ನೀರೆಲ್ಲ ಬಂದು ಸೇರುವ ಜಾಗ. ಅದು ಕೋಡಿ ಬಿದ್ದರೆ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ತಮಿಳುನಾಡಿಗೆ. ಒಂದು ಕಾಲದಲ್ಲಿ ಊರವರು ಇದರ ನೀರನ್ನೇ ಕುಡಿದು, ಇದರ ಮೀನನ್ನೇ ಉಂಡು, ಇದರ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆದಿದ್ದರು. ಎರಡು ಸಾವಿರದ ಆಸುಪಾಸಿನಲ್ಲೇ ಬೆಳ್ಳಂದೂರಿನ ಜನ ಕೊಳಚೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಆಗ ಅದು ಬರಿ ಹಳ್ಳಿಗರ ಗೋಳು, ನಗರ ಕಿವಿಗೊಡಲಿಲ್ಲ. ಮುಂದೆ ನಗರದ ಕೊಳಚೆಯಲ್ಲಿ ಶೇ 40ರಷ್ಟು ಈ ಒಂದೇ ಕೆರೆಗೆ ಬರುತ್ತದೆ ಎಂಬ ಅಂದಾಜು ಕೇಳಿಬಂತು. ಬಟ್ಟೆ ಒಗೆಯುವ ಪುಡಿಯ ಫಾಸ್ಫೇಟ್, ಸೋಪಿನ ಅಂಶಗಳು ತಳದ ಹೂಳಿನಲ್ಲಿ ವರ್ಷಗಟ್ಟಲೆ ಸೇರಿ, ಮಳೆ ಬಂದು ನೀರು ಕದಡಿ ಕೋಡಿಯಲ್ಲಿ ಧುಮುಕಿದಾಗ ನೊರೆಯೆದ್ದು ರಸ್ತೆಗೆ ಹಾರುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಇದನ್ನು ವರದಿ ಮೇಲೆ ವರದಿ ಬರೆದು ಎಚ್ಚರಿಸಿತ್ತು.

2015ರ ಮೇ ತಿಂಗಳಲ್ಲಿ ನೀರಿನ ಮೇಲೆ ಬೆಂಕಿ ಕಾಣಿಸಿತು. 2017ರ ಫೆಬ್ರವರಿ 16ರಂದು ಮತ್ತೆ. 2018ರ ಜನವರಿ 19ರಂದು ಹೊತ್ತಿದ ಬೆಂಕಿಯನ್ನು ನಂದಿಸಲು ಪಕ್ಕದ ಸೇನಾ ಕೇಂದ್ರದ ಐದು ಸಾವಿರ ಜವಾನರು ಗಂಟೆಗಟ್ಟಲೆ ಹೆಣಗಬೇಕಾಯಿತು. ಕಾರಣದ ಬಗ್ಗೆ ವಾದಗಳು ಎದ್ದವು. ಒಣಗಿದ ಕಳೆಗೆ, ಕಸಕ್ಕೆ ಯಾರೋ ಕಿಡಿ ಹಚ್ಚಿದ್ದಾರೆ ಎಂದು ಅಧಿಕಾರಿಗಳು ಹೇಳಿದರೆ, ಕೊಳೆತ ಹೂಳಿನಿಂದೆದ್ದ ಮೀಥೇನ್ ಮತ್ತು ನೀರಿನ ಮೇಲೆ ತೇಲುವ ಎಣ್ಣೆಯಂಶಗಳತ್ತ ಸಂಶೋಧಕರು ಬೊಟ್ಟು ಮಾಡಿದರು. ಕಿಡಿ ಎಲ್ಲಿಂದ ಬಂತೆಂಬುದು ನನ್ನ ಮಟ್ಟಿಗೆ ಚಿಕ್ಕ ಪ್ರಶ್ನೆ; ಕೆರೆ ಉರಿಯುವ ಸ್ಥಿತಿಗೆ ಬಂದದ್ದು ಹೇಗೆ ಎಂಬುದೇ ದೊಡ್ಡದು.

ಈಗ ನಗರ ಕಿವಿಗೊಟ್ಟಿತು. ವೈಟ್‌ಫೀಲ್ಡ್, ವರ್ತೂರು, ಬೆಳ್ಳಂದೂರುಗಳ ನಿವಾಸಿ ಬಳಗಗಳು ಮಾನವ ಸರಪಳಿ ಕಟ್ಟಿ ನಿಂತವು, ನೊರೆಯ ಚಿತ್ರಗಳು ಪತ್ರಿಕೆಗಳಲ್ಲಿ ತುಂಬಿದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. 2017ರ ಏಪ್ರಿಲ್‌ನಲ್ಲಿ ಕೆರೆಯ ಸುತ್ತಲಿನ ಕೈಗಾರಿಕೆಗಳನ್ನು ಮುಚ್ಚಿಸಲು ಆದೇಶಿಸಿತು. 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿ, ಕೆಲಸಕ್ಕೆಂದೇ 500 ಕೋಟಿ ತೆಗೆದಿಡಲು ಹೇಳಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಮೇಲುಸ್ತುವಾರಿ ಸಮಿತಿ ನೇಮಿಸಿತು. ಶುದ್ಧೀಕರಣ ಘಟಕಗಳು ಹೆಚ್ಚಿದವು, ಹೂಳೆತ್ತುವುದು ಗಡುವಿನ ಮೇಲೆ ಗಡುವು ದಾಟಿ ಸಾಗಿತು.

ನ್ಯಾಯಾಲಯದ ದಾರಿಗೂ ಮಿತಿಯಿತ್ತು. ಆಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜೌಗು ನೆಲದಲ್ಲಿ ಎದ್ದ ದೊಡ್ಡ ಕಟ್ಟಡ ಯೋಜನೆಗಳ ವಿರುದ್ಧ ನಾಗರಿಕ ಸಂಘಟನೆಗಳು ಹೂಡಿದ ದಾವೆಯಲ್ಲಿ, 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಯಂಚಿನ ಮೀಸಲು ವಲಯವನ್ನು 30 ಮೀಟರಿನಿಂದ 75 ಮೀಟರಿಗೆ ಏರಿಸಿತು. ಚಳವಳಿಗಾರರು ಸಂಭ್ರಮಿಸಿದರು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು: ನಗರದ ಮಹಾಯೋಜನೆಯಲ್ಲಿ ಶಾಸನಬದ್ಧವಾಗಿ ನಿಗದಿಯಾದ ಅಳತೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂದಿತು. ಕಾನೂನಿನ ದೃಷ್ಟಿಯಲ್ಲಿ ಆ ಮಾತು ಸರಿಯಿರಬಹುದು. ಅಲ್ಲಿಗೆ ಕೆರೆಯಂಚಿನ ಭವಿಷ್ಯ ಮತ್ತೆ ಶಾಸಕಾಂಗದ ಕೈಗೇ ಬಂದು ನಿಂತಿತು.

ಇಷ್ಟೆಲ್ಲದರ ನಡುವೆ ಕಾಲುವೆ ಏನಾಗಿತ್ತು? ಉತ್ತರ 2021ರಲ್ಲಿ ಹೊರಬಂದ ಮಹಾಲೇಖಪಾಲರ ವರದಿಯಲ್ಲಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿಲೋಮೀಟರ್ ಉದ್ದವಿದ್ದ ಕಾಲುವೆಗಳು 2016–17ರ ಹೊತ್ತಿಗೆ ಸುಮಾರು 63 ಕಿಲೋಮೀಟರಿಗೆ ಇಳಿದಿದ್ದವು. ವೃಷಭಾವತಿ ಕಣಿವೆಯಲ್ಲೂ ಅರ್ಧದಷ್ಟು ಕಾಣೆ. ಕೆರೆಯೊಂದಕ್ಕೆ ಬೇಲಿ ಹಾಕಿ ಕಾಯುವವರಿದ್ದಾರೆ. ಕಾಲುವೆಯ ಪಕ್ಕ ಬೆಳಿಗ್ಗೆ ನಡೆದಾಡಲು ಯಾರೂ ಹೋಗುವುದಿಲ್ಲ, ಅಲ್ಲಿ ಹಕ್ಕಿಯ ಚಿತ್ರ ತೆಗೆಯುವವರಿಲ್ಲ. ಹಾಗಾಗಿ ಅದು ಮೊದಲು ಕಿರಿದಾಯಿತು, ಆಮೇಲೆ ಚಪ್ಪಡಿ ಮುಚ್ಚಿಕೊಂಡಿತು, ಆಮೇಲೆ ನಿವೇಶನವಾಯಿತು. ಚಳವಳಿ ಸೋತದ್ದು ಇಲ್ಲಿ. ಹೀಗೆನ್ನುವುದು ಸ್ವಯಂಸೇವಕರ ಮೇಲಿನ ಆರೋಪವಲ್ಲ. ಹತ್ತು ವಾರ್ಡುಗಳ ಮೂಲಕ ಹಾಯುವ ಕಾಲುವೆಯನ್ನು ಒಂದು ಬಡಾವಣೆಯ ಜನ ಕಾಯಲಾರರು, ಅದು ಸರ್ಕಾರ ಮಾಡಬೇಕಿದ್ದ ಕೆಲಸ. ಕೈಕೊಂಡ್ರಹಳ್ಳಿಯವರು ಇದನ್ನು ಬೇಗ ಅರಿತು ಅದೇ ಸರಣಿಯ ಕಸವನಹಳ್ಳಿ, ಸೌಳು ಕೆರೆಗಳತ್ತಲೂ ಗಮನ ಹರಿಸಿದರು. ಆದರೂ 2016ರಲ್ಲಿ ಅವರ ಕೆರೆಯಲ್ಲಿ ಮೀನುಗಳು ಸತ್ತು ತೇಲಿದವು. ಅದೇ ವರ್ಷ ಹಲಸೂರು ಕೆರೆಯಲ್ಲೂ ಹಾಗೆಯೇ ಆಯಿತು.

2022ರ ಸೆಪ್ಟೆಂಬರ್ 5ರ ಬೆಳಿಗ್ಗೆ, ರಾತ್ರಿಯಿಡೀ ಸುರಿದ ಮಳೆಗೆ ಕಾಲುವೆ ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬಂತು. ಸರ್ಜಾಪುರ ರಸ್ತೆ, ಬೆಳ್ಳಂದೂರಿನ ವರ್ತುಲ ರಸ್ತೆಯ ಬದಿಯ ಬಡಾವಣೆಗಳು ಮುಳುಗಿದವು. ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದ ಚಿತ್ರಗಳು ದೇಶವಿಡೀ ಓಡಾಡಿದವು. ಹದಿನೆಂಟೇ ತಿಂಗಳಲ್ಲಿ, 2024ರ ಬೇಸಿಗೆಯಲ್ಲಿ, ಅದೇ ಪ್ರದೇಶಗಳ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಜನ ಸಾಲುಗಟ್ಟಿದರು. ಮಳೆಗಾಲದಲ್ಲಿ ಮುಳುಗಿಸುವ ನೀರೇ ಬೇಸಿಗೆಯಲ್ಲಿ ಇರುವುದಿಲ್ಲ ಎಂದರೆ, ನಡುವೆ ಅದನ್ನು ಹಿಡಿದಿಡಬೇಕಾದ ಸರಪಳಿ ಕಡಿದಿದೆ ಎಂದೇ ಅರ್ಥ.

ಈ ಕಥೆಯ ಪರಿಣಾಮ ಬೆಂಗಳೂರಿನ ಗಡಿಯನ್ನೂ ದಾಟಿತು. 2018ರ ಜೂನ್‌ನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಕೆಲವೇ ದಿನಗಳಲ್ಲಿ ಅಲ್ಲೂ ನೊರೆ ಕಂಡಿತು. ಕೋಲಾರದ ರೈತ ಹೋರಾಟಗಾರರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟ್ ತಡೆ ನೀಡಿತು, ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು, ಮುಂದೆ ಅದೂ ತೆರವಾಯಿತು. ಅಂತರ್ಜಲ ಏರಿದೆ, ದಶಕಗಳಿಂದ ಬತ್ತಿದ್ದ ಬಾವಿಗಳಲ್ಲಿ ನೀರು ಕಾಣುತ್ತಿದೆ ಎಂದು ಯೋಜನೆಯ ಪರವಿರುವ ಅಧ್ಯಯನಗಳು ಹೇಳುತ್ತವೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು, ಮಣ್ಣಿಗೂ ಕುಡಿಯುವ ನೀರಿಗೂ ವಿಷ ಸೇರೀತು ಎಂದು ವಿರೋಧಿಸುವವರು ಹೇಳುತ್ತಾರೆ. ನೀರು ಕೊಟ್ಟ ನಗರಕ್ಕೆ ತಾನು ಏನನ್ನು ಕೊಡುತ್ತಿದ್ದೇನೆ ಎಂಬ ಲೆಕ್ಕ ಇರಬೇಕಾದದ್ದು ನ್ಯಾಯ. ಮೂರನೇ ಹಂತದ ಶುದ್ಧೀಕರಣ ಕೇಳುವ ಕೋಲಾರದ ರೈತನ ಬೇಡಿಕೆ ದುಬಾರಿಯೂ ಅಲ್ಲ, ಹಠವೂ ಅಲ್ಲ.

ಇನ್ನೊಂದು ಬೆಳವಣಿಗೆಯನ್ನೂ ಹೇಳಬೇಕು. ಪಾಲಿಕೆ ಕಂಪನಿಗಳ ಜೊತೆ ಕೆರೆ ನಿರ್ವಹಣೆಯ ಒಪ್ಪಂದ ಮಾಡಿಕೊಳ್ಳುವುದಕ್ಕೆ 2020ರ ಮಾರ್ಚ್‌ನಲ್ಲಿ ಹೈಕೋರ್ಟ್ ತಡೆಯೊಡ್ಡಿತು. ಖಾಸಗೀಕರಣ ಹಿಂಬಾಗಿಲಿನಿಂದ ಬರಬಾರದೆಂಬ ಆತಂಕ ಅದರ ಹಿಂದಿತ್ತು. ಆದರೆ ಅದೇ ತೊಡಕಿನಲ್ಲಿ ಸಣ್ಣಪುಟ್ಟ ನಾಗರಿಕ ಸಂಘಗಳ ಕರಾರುಗಳ ನವೀಕರಣವೂ ಸಿಕ್ಕಿಹಾಕಿಕೊಂಡಿತು. ಲಾಭಕ್ಕೆ ಬಂದವರನ್ನೂ ಕಳೆ ಕೀಳಲು ಬಂದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ತಪ್ಪು. ಹತ್ತು ವರ್ಷ ಕೆರೆ ಕಾಯ್ದವರಿಗೆ ಗೇಟಿನ ಬೀಗ ಯಾರದೆಂದು ಹೇಳುವ ಕಾಗದವೂ ಇಲ್ಲದಂತಾಗುವುದು ಯಾವ ನ್ಯಾಯ?

ಈ ಸ್ವಯಂಸೇವಕರು ಇಲ್ಲದಿದ್ದರೆ ಪುಟ್ಟೇನಹಳ್ಳಿ, ಕೈಕೊಂಡ್ರಹಳ್ಳಿಗಳು ಇವತ್ತು ಬಡಾವಣೆಗಳಾಗಿರುತ್ತಿದ್ದವು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಇನ್ನು ಆಗಬೇಕಾದದ್ದು, ಕೆರೆಗೊಂದು ಸಂಘವಿದ್ದಂತೆ ಕಣಿವೆಗೊಂದು ಸಂಘ, ಅದಕ್ಕೆ ಕಾನೂನಿನ ಮಾನ್ಯತೆ, ಅದರಲ್ಲಿ ತಲೆಯ ಕೆರೆಯವರ ಜೊತೆಗೆ ವರ್ತೂರಿನ, ಕೋಲಾರದ ರೈತರಿಗೂ ಕುರ್ಚಿ. ಅದನ್ನು ಸರ್ಕಾರ ತಾನಾಗಿ ಕೊಡುವುದಿಲ್ಲ, ಕೇಳಿಯೇ ಪಡೆಯಬೇಕು. ಸರ್ವೆ ಇಲಾಖೆಯ ಹಳೆಯ ಗ್ರಾಮ ನಕ್ಷೆಗಳಲ್ಲಿ ರಾಜಕಾಲುವೆಗಳ ಗುರುತಿದೆ, ಅವು ಸಾರ್ವಜನಿಕರಿಗೆ ಸಿಗುತ್ತವೆ. ನಿಮ್ಮ ಬೀದಿಯ ನಕ್ಷೆ ತೆಗೆದು, ನಿಮ್ಮ ಬಚ್ಚಲ ನೀರು ಯಾವ ಕಾಲುವೆ ಹಿಡಿದು ಯಾವ ಕೆರೆಗೆ ಹೋಗುತ್ತದೆ, ಆ ಕಾಲುವೆ ಈಗ ಎಲ್ಲಿದೆ ಎಂದು ನಿಮ್ಮ ವಾರ್ಡ್ ಸಮಿತಿಯಲ್ಲಿ ಲಿಖಿತವಾಗಿ ಕೇಳಿ.